ಅಡುಗೆಮನೆ ಪ್ರಶ್ನೋತ್ತರ: ಬಿರಿಯುವ ರೊಟ್ಟಿ, ಬೇಯದ ಬೇಳೆ, ಬೂಷ್ಟು ಹಿಡಿದ ಉಪ್ಪಿನಕಾಯಿ

ಯುಗಾದಿ ಮುಗಿದು ಬಿಸಿಲು ಏರುತ್ತಿದೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಹೊಸ ಅಡುಗೆ ಕೇಳಿದವರು ಕಡಿಮೆ. ದಿನಾ ಮಾಡುವ ಅಡುಗೆಯೇ ಏಕೆ ಕೈಕೊಡುತ್ತಿದೆ ಎಂದು ಕೇಳಿದವರೇ ಜಾಸ್ತಿ. ಅಂಥ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇವೆ. ಉತ್ತರಗಳಲ್ಲಿ ಲೋಟ ಎಂದರೆ 200 ಮಿಲಿಲೀಟರ್ ಹಿಡಿಯುವ ಸ್ಟೀಲ್ ಲೋಟ, ಚಮಚ ಎಂದರೆ ಟೀ ಚಮಚ.

ಅಕ್ಕಾರೆ, ನಾನು ರೊಟ್ಟಿ ಬಡಿಯಾಕ ಕುಂತ್ರೆ ಅಂಚೆಲ್ಲ ಬಿರೀತೈತಿ. ಎತ್ತಿ ಹೆಂಚಿಗೆ ಹಾಕೋದ್ರಾಗ ಎರಡು ತುಂಡು. ನಮ್ಮತ್ತೆ ಅದೇ ಹಿಟ್ಟಿನಾಗ ಚೆಂದಾಗಿ ಮಾಡ್ತಾರ. ತಪ್ಪು ಹಿಟ್ಟಿಂದೋ, ನನ್ನ ಕೈದೋ?
— ಹರಿಹರ

ಅದೇ ಹಿಟ್ಟಿನಲ್ಲಿ ಅತ್ತೆಯವರಿಗೆ ಬರುತ್ತಿದೆ ಎಂದ ಮೇಲೆ ಹಿಟ್ಟು ಚೆನ್ನಾಗಿಯೇ ಇದೆ. ನಿಮ್ಮ ಎಸರು ಮತ್ತು ನಾದುವ ಹದ ನೋಡಿಕೊಳ್ಳಬೇಕು. ಗೋಧಿ ಹಿಟ್ಟಿನಲ್ಲಿರುವ ಅಂಟು ಜೋಳದಲ್ಲಿಲ್ಲ. ಅದರೊಳಗಿನ ಪಿಷ್ಟ ಕುದಿಯುವ ನೀರು ಕುಡಿದು ಉಬ್ಬಿ ಜಿಗುಟಾದರೆ ಮಾತ್ರ ಜೋಳದ ಹಿಟ್ಟು ಕೂಡಿಕೊಳ್ಳುತ್ತದೆ. ನೀರು ಬರೀ ಬಿಸಿಯಾಗಿದ್ದರೆ ಸಾಲದು, ಕೊತಕೊತ ಕುದಿಯುತ್ತಿರಬೇಕು. ಅವಸರದಲ್ಲಿ ಬಿಸಿನೀರು ಸುರಿದು ಕಲಸಿದ ಹಿಟ್ಟು ಮುದ್ದೆಯಾಗುತ್ತದೆ, ತಟ್ಟಲು ಕೂತಾಗ ಬಿರಿಯುತ್ತದೆ.

2 ಲೋಟ ಹಿಟ್ಟಿಗೆ 1½ ಲೋಟ ನೀರು, ಕಾಲು ಚಮಚ ಉಪ್ಪು ಹಾಕಿ ಎಸರಿಡಿ. ಕುದಿ ಬಂದ ಮೇಲೆ ಒಲೆ ಆರಿಸಿ, ಹಿಟ್ಟನ್ನು ಒಟ್ಟಿಗೆ ಸುರಿದು ಸೌಟಿನ ಹಿಡಿಯಿಂದ ಕಲಸಿ, ಮುಚ್ಚಳ ಮುಚ್ಚಿ 5 ನಿಮಿಷ ಬಿಡಿ. ಆಮೇಲೆ ಕೈ ತಣ್ಣೀರಿನಲ್ಲಿ ಅದ್ದಿಕೊಂಡು, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಿ. ಎಲ್ಲಾ ಹಿಟ್ಟನ್ನೂ ಒಮ್ಮೆಲೇ ನಾದಿ ಇಟ್ಟರೆ ಮೊದಲ ಎರಡು ರೊಟ್ಟಿ ಚೆನ್ನಾಗಿ ಬಂದು ಉಳಿದವು ಒಡೆಯುತ್ತವೆ, ಏಕೆಂದರೆ ಹಿಟ್ಟು ಆರುತ್ತಾ ಒಣಗುತ್ತದೆ. ಒಂದು ರೊಟ್ಟಿಗಾಗುವಷ್ಟು ಉಂಡೆ ತೆಗೆದುಕೊಂಡು ಅಂಗೈ ಬುಡದಿಂದ ಒತ್ತಿ ಒತ್ತಿ 2 ನಿಮಿಷ ನಾದಿ, ತಕ್ಷಣ ತಟ್ಟಿ. ಉಳಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಇರಲಿ. ನಾದಿದ ಉಂಡೆಯನ್ನು ಬೆರಳಿನಿಂದ ಒತ್ತಿ ನೋಡಿ: ಗುಳಿಯ ಅಂಚು ನುಣ್ಣಗಿದ್ದರೆ ತಟ್ಟಬಹುದು. ಸಣ್ಣ ಬಿರುಕು ಕಂಡರೆ ಇನ್ನೊಂದಿಷ್ಟು ನೀರು ಸವರಿ ಮತ್ತೆ ನಾದಬೇಕು.

ತಟ್ಟುವಾಗ ಹಲಗೆ ಮೇಲೆ ಒಣಹಿಟ್ಟು ಧಾರಾಳವಾಗಿರಲಿ. ಉಂಡೆಯನ್ನು ಮೊದಲು ಅಂಗೈಯಲ್ಲೇ ಬಿಲ್ಲೆ ಮಾಡಿ ಅಂಚನ್ನು ಸುತ್ತಲೂ ಒತ್ತಿ ದುಂಡಗೆ ಮಾಡಿಕೊಳ್ಳಿ. ಬಿರುಕು ಶುರುವಾಗುವುದೇ ಈ ಅಂಚಿನಿಂದ. ಆಮೇಲೆ ಒಂದು ಕೈ ತಟ್ಟುತ್ತಿದ್ದರೆ ಇನ್ನೊಂದು ಕೈ ಅಂಚಿಗೆ ಒತ್ತಾಗಿದ್ದು ರೊಟ್ಟಿಯನ್ನು ತಿರುಗಿಸುತ್ತಿರಬೇಕು.

ಹೆಂಚಿಗೆ ಹಾಕುವಾಗ ಒಣಹಿಟ್ಟು ಹತ್ತಿದ ಮಗ್ಗುಲು ಮೇಲಕ್ಕೆ ಬರಲಿ. ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಿ. ಆ ನೀರು ಆರುತ್ತಾ ಬಂದಾಗ ಮಗುಚಿ. ಪೂರಾ ಒಣಗಲು ಬಿಟ್ಟರೆ ಮೇಲ್ಪದರ ಗಟ್ಟಿಯಾಗಿ ರೊಟ್ಟಿ ಉಬ್ಬುವುದಿಲ್ಲ. ಎರಡನೇ ಮಗ್ಗುಲು ಬೆಂದ ಮೇಲೆ ಬಟ್ಟೆಯಿಂದ ಅಲ್ಲಲ್ಲಿ ಒತ್ತಿದರೆ ಉಬ್ಬುತ್ತದೆ.

ಹಿಟ್ಟಿನ ಬಗ್ಗೆಯೂ ಒಂದು ಮಾತು. ಹಿಂಗಾರಿನ ಬಿಳಿ ಜೋಳ ಈಗಷ್ಟೇ ಬಂದಿದೆ, ರೊಟ್ಟಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಬೇಸಿಗೆಯಲ್ಲಿ ಹಿಟ್ಟು ಬೇಗ ಕಹಿಯಾಗುತ್ತದೆ. 15 ದಿನಕ್ಕಾಗುವಷ್ಟೇ ಬೀಸಿಸಿ. ಗಿರಣಿಯಿಂದ ತಂದ ಬಿಸಿ ಹಿಟ್ಟನ್ನು ಹಾಗೇ ಡಬ್ಬಕ್ಕೆ ತುಂಬಿದರೆ ಒಳಗೆ ಬೆವರೊಡೆದು ಗಂಟು ಕಟ್ಟುತ್ತದೆ, ಆದ್ದರಿಂದ ಬಟ್ಟೆ ಮೇಲೆ ಹರಡಿ ಆರಿಸಿ. ಹಿಟ್ಟು ಹಳತಾಗಿ ಜಿಗುಟು ಕಳೆದುಕೊಂಡಿದ್ದರೆ, ಎಸರಿಗೇ 2 ಚಮಚ ಹಿಟ್ಟನ್ನು ಗಂಟಿಲ್ಲದಂತೆ ಕದಡಿ ಗಂಜಿಯಂತೆ ಕುದಿಸಿ, ಅದರಲ್ಲಿ ಉಳಿದ ಹಿಟ್ಟು ಕಲಸಿ. ಕಹಿ ಬಂದ ಹಿಟ್ಟಿಗೆ ಮಾತ್ರ ಮದ್ದಿಲ್ಲ.

ನಮ್ಮಲ್ಲಿ ಬೋರ್‌ವೆಲ್ ನೀರು. ತೊಗರಿಬೇಳೆ ಕುಕ್ಕರ್‌ನಲ್ಲಿ ಏಳೆಂಟು ಕೂಗು ಕೂಗಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಅಂಗಡಿ ಬದಲಾಯಿಸಿ ಬೇಳೆ ತಂದರೂ ಅದೇ ಕಥೆ. ಸೋಡಾ ಹಾಕಬಹುದೇ?
— ಮೊಳಕಾಲ್ಮುರು

ಅಂಗಡಿ ಬದಲಾದರೂ ಬೇಳೆ ಬೇಯುತ್ತಿಲ್ಲ ಎಂದರೆ ತಪ್ಪು ನೀರಿನದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚಾಗಿರುತ್ತವೆ. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವನ್ನು ಇವು ಬಿಗಿಯಾಗಿಸಿಬಿಡುತ್ತವೆ. ಬೇಳೆ ಬೆಂದರೂ ಕರಗಿ ಕೂಡಿಕೊಳ್ಳುವುದಿಲ್ಲ. ನಿಮ್ಮ ಸ್ನಾನದ ಹಂಡೆ ಒಳಗೆ ಬಿಳಿ ಪೊರೆ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಅನುಮಾನವೇ ಬೇಡ.

ಬೇಳೆ ನೆನೆಸುವುದಕ್ಕೂ ಬೇಯಿಸುವುದಕ್ಕೂ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸುವುದು ಸುಲಭದ ದಾರಿ. ತೊಳೆಯಲು ಬೋರ್ ನೀರೇ ಸಾಕು. 1 ಲೋಟ ಬೇಳೆಗೆ ಬೇಕಾಗುವುದು 3 ಲೋಟ ನೀರು, ಹೆಚ್ಚು ಹೊರೆಯೇನಲ್ಲ. ಘಟಕದ ನೀರು ಸಿಗದ ದಿನ, ಬೋರ್ ನೀರನ್ನು 10 ನಿಮಿಷ ಚೆನ್ನಾಗಿ ಕುದಿಸಿ, ತಣ್ಣಗಾಗಿ ತಳದಲ್ಲಿ ಬಿಳಿ ಪುಡಿ ಕೂತ ಮೇಲೆ ಮೇಲಿನ ನೀರನ್ನಷ್ಟೇ ಬಗ್ಗಿಸಿಕೊಳ್ಳಿ. ಇದರಿಂದ ಗಡಸುತನದ ಒಂದು ಪಾಲು ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಒಂದು ವಿಷಯ ಮರೆಯಬೇಡಿ: ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಾಢವಾಗುತ್ತದೆ. ನಿಮ್ಮ ಭಾಗದ ಕೊಳವೆಬಾವಿಗಳಲ್ಲಿ ಈ ತೊಂದರೆ ಇರುವುದರಿಂದ ಕುಡಿಯಲು, ಅಡುಗೆಗೆ ದಿನಾ ಅದೇ ನೀರನ್ನು ನೆಚ್ಚಿಕೊಳ್ಳುವುದು ಒಳ್ಳೆಯದಲ್ಲ.

ಬೇಳೆಯನ್ನು 40 ನಿಮಿಷ ನೆನೆಸಿ. ಕಾಲು ಚಮಚ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಕುಕ್ಕರ್‌ಗೆ ಇಡಿ. ಎಣ್ಣೆ ನೊರೆಯನ್ನು ತಡೆಯುತ್ತದೆ. ಆದರೂ ಬೇಳೆಕಾಳು ಬೇಯಿಸುವಾಗ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ನೊರೆ ಉಕ್ಕಿ ಹಬೆಕಂಡಿ ಕಟ್ಟಿಕೊಳ್ಳುತ್ತದೆ. ದೊಡ್ಡ ಉರಿಯಲ್ಲಿ 2 ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ 8 ನಿಮಿಷ ಇಟ್ಟು, ಹಬೆ ತಾನಾಗಿ ಇಳಿಯಲಿ. ಕೂಗು ಎಣಿಸುವುದಕ್ಕಿಂತ ಸಣ್ಣ ಉರಿಯ ಈ ನಿಮಿಷಗಳೇ ಮುಖ್ಯ.

ಟೊಮೆಟೊ, ಹುಣಸೆಹುಳಿ ಬೇಳೆಯ ಜೊತೆಗೇ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಹುಳಿ ಬಿದ್ದರೆ ಒಳ್ಳೆಯ ನೀರಿನಲ್ಲೂ ಬೇಳೆ ಬೇಯಲು ಸತಾಯಿಸುತ್ತದೆ. ಸೋಡಾ ಹಾಕಿದರೆ ಬೇಳೆ ಬೇಯುತ್ತದೆ ನಿಜ, ಆದರೆ ಬಿ1 ಜೀವಸತ್ವ ನಾಶವಾಗುತ್ತದೆ, ಸಾರಿಗೆ ಸಾಬೂನಿನಂಥ ರುಚಿ ಬರುತ್ತದೆ. ನಾವು ಹಾಕಿ ಎನ್ನುವುದಿಲ್ಲ. ಹುರುಳಿ, ಕಡಲೆಯಂಥ ಇಡಿ ಕಾಳು ರಾತ್ರಿ ನೆನೆಸುವಾಗ 1 ಲೀಟರ್ ನೀರಿಗೆ 2 ಚಮಚ ಉಪ್ಪು ಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ ಬೇಯಿಸಿ ನೋಡಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತಿದೆ, ಅದು ಇಲ್ಲಿ ನಿಜವಲ್ಲ. ನೆನೆಯುವ ನೀರಿನ ಉಪ್ಪು ಸಿಪ್ಪೆಯನ್ನು ಮೆದುವಾಗಿಸುತ್ತದೆ.

ಚಿತ್ರದುರ್ಗದ ಈರುಳ್ಳಿ ಮೂಟೆ ತಂದಿಟ್ಟರೆ ತಿಂಗಳೊಳಗೆ ಕೊಳೆಯುತ್ತದೆ. ಏನು ಮಾಡಬೇಕು?
— ದಾವಣಗೆರೆ

ಮಳೆಗಾಲದ ಬೆಳೆಯಲ್ಲಿ ನೀರಿನಂಶ ಹೆಚ್ಚು, ಅದು ಬಾಳಿಕೆ ಬರುವುದಿಲ್ಲ, ವಾರಕ್ಕಾಗುವಷ್ಟೇ ಕೊಳ್ಳಿ. ಕೂಡಿಡಲು ಬೇಸಿಗೆಯಲ್ಲಿ ಬರುವ ಗಡ್ಡೆಯೇ ಸರಿ. ಕುತ್ತಿಗೆ ಸಣ್ಣಗೆ ಒಣಗಿರಬೇಕು, ಹಿಚುಕಿದರೆ ಗಟ್ಟಿ ಇರಬೇಕು. ಮೂಟೆಯಿಂದ ತೆಗೆದು ಬಿದಿರಿನ ಬುಟ್ಟಿಯಲ್ಲಿ ಗಾಳಿಗೆ ಹರಡಿ, ಆಲೂಗಡ್ಡೆಯ ಪಕ್ಕ ಇಡಬೇಡಿ. ವಾರಕ್ಕೊಮ್ಮೆ ಕೈಯಾಡಿಸಿ ಮೆತ್ತಗಾದ್ದನ್ನು ಆರಿಸಿ ತೆಗೆಯಿರಿ.

ಒಗ್ಗರಣೆ ಮಂಡಕ್ಕಿ ಮನೆಯಲ್ಲಿ ಮಾಡಿದರೆ ಉಪ್ಪಿಟ್ಟಿನಂತೆ ಮುದ್ದೆಯಾಗುತ್ತದೆ, ಉಪ್ಪೂ ಜಾಸ್ತಿ. ಅಂಗಡಿಯಲ್ಲಿ ಉದುರಾಗಿರುತ್ತದಲ್ಲ?
— ಹೊಳಲ್ಕೆರೆ

ನೀವು ಮಂಡಕ್ಕಿಯನ್ನು ನೆನೆಸುತ್ತಿದ್ದೀರಿ. ಅದನ್ನು ನೆನೆಸುವುದಲ್ಲ, ತೋಯಿಸುವುದು. ದೊಡ್ಡ ಪಾತ್ರೆಯಲ್ಲಿ ನೀರು ತುಂಬಿಟ್ಟುಕೊಂಡು, ಎರಡು ಹಿಡಿ ಮಂಡಕ್ಕಿ ಹಾಕಿ ಒಮ್ಮೆ ಒಳಗೆ ಅದುಮಿ, ಹತ್ತು ಎಣಿಸುವಷ್ಟರಲ್ಲಿ ಎತ್ತಿ ಹಿಂಡಿ ತಟ್ಟೆಗೆ ಉದುರಿಸಿ. ನಡುವಿನ ಕಾಳು ಇನ್ನೂ ಸ್ವಲ್ಪ ಗರಿಗರಿ ಎನಿಸಬೇಕು, ಒಗ್ಗರಣೆಯ ಬಿಸಿಗೆ ಅದು ಸರಿಹೋಗುತ್ತದೆ. ಎಲ್ಲವನ್ನೂ ಒಂದೇ ಸಲ ಸುರಿದರೆ ಕೊನೆಯ ಹಿಡಿ ಎತ್ತುವ ಹೊತ್ತಿಗೆ ಅಂಟಾಗಿರುತ್ತದೆ. ಡಬ್ಬದಲ್ಲಿ ಮೆತ್ತಗಾದ ಹಳೆ ಮಂಡಕ್ಕಿ ಇನ್ನೂ ಬೇಗ ನೀರೆಳೆಯುತ್ತದೆ. ಮೊದಲು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಗರಿಯಾದ ಮೇಲೆ ತೋಯಿಸಿ.

ಉಪ್ಪು ಜಾಸ್ತಿಯಾಗುವುದಕ್ಕೂ ಕಾರಣವಿದೆ. ಭಟ್ಟಿಯಲ್ಲಿ ಹುರಿಯುವ ಮುಂಚೆ ಅಕ್ಕಿಗೆ ಉಪ್ಪುನೀರು ಹಾಕಿರುತ್ತಾರೆ. ಹಿಂಡಿದ ಒಂದು ಕಾಳು ಬಾಯಿಗೆ ಹಾಕಿಕೊಂಡು ನೋಡಿ, ನೀವು ಅವಲಕ್ಕಿಗೆ ಹಾಕುವ ಉಪ್ಪಿನಲ್ಲಿ ಅರ್ಧವನ್ನಷ್ಟೇ ಹಾಕಿ.

ನಾಲ್ಕು ಜನಕ್ಕೆ 250 ಗ್ರಾಂ ಮಂಡಕ್ಕಿ. 5 ದೊಡ್ಡ ಚಮಚ ಶೇಂಗಾ ಎಣ್ಣೆಯಲ್ಲಿ ಮೊದಲು ಒಂದು ಹಿಡಿ ಶೇಂಗಾ ಹುರಿದು ತೆಗೆಯಿರಿ. ಅದೇ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಸೀಳಿದ 6 ಹಸಿಮೆಣಸಿನಕಾಯಿ, ಹೆಚ್ಚಿದ 3 ಈರುಳ್ಳಿ, ಅರ್ಧ ಚಮಚ ಅರಿಶಿನ. ಈರುಳ್ಳಿ ಬಾಡಿದರೆ ಸಾಕು, ಕೆಂಪಾಗುವುದು ಬೇಡ. ಒಲೆ ಆರಿಸಿ ಮಂಡಕ್ಕಿ ಹಾಕಿ ಕೈಯಾಡಿಸಿ, ಮೇಲೆ 4 ದೊಡ್ಡ ಚಮಚ ಪುಟಾಣಿ (ಹುರಿಗಡಲೆ) ಪುಡಿ ಉದುರಿಸಿ. ಉಳಿದ ತೇವವನ್ನು ಈ ಪುಡಿ ಹೀರಿಕೊಂಡು ಮಂಡಕ್ಕಿಯನ್ನು ಉದುರಾಗಿಡುತ್ತದೆ. ಕೊತ್ತಂಬರಿ ಹಾಕಿ, ನಿಂಬೆಹುಳಿಯನ್ನು ತಟ್ಟೆಗೆ ಬಡಿಸಿದ ಮೇಲೆ ಹಿಂಡಿ. ಜೊತೆಗೆ ಮಿರ್ಚಿ ಬೇಕೇಬೇಕು ಎನ್ನುವವರು ಅದನ್ನು ಮೊದಲೇ ಕರಿದಿಟ್ಟುಕೊಳ್ಳಿ; ಮಂಡಕ್ಕಿ ಕಾಯುವುದಿಲ್ಲ.

ಬೆಣ್ಣೆ ದೋಸೆ ಮನೆಯಲ್ಲಿ ಮಾಡಿದರೆ ಬಣ್ಣ ಬರುವುದಿಲ್ಲ, ಕಾವಲಿಗೆ ಹತ್ತಿಕೊಳ್ಳುತ್ತದೆ, ಬೆಣ್ಣೆ ಸೀದ ವಾಸನೆ. ಮಕ್ಕಳು ಹೋಟೆಲ್ ದೋಸೆಯೇ ಬೇಕು ಅಂತಾರೆ.
— ಚಿತ್ರದುರ್ಗ

ಬೆಣ್ಣೆಯನ್ನು ಕಾವಲಿಗೆ ಸವರಿ ಹಿಟ್ಟು ಹುಯ್ಯುತ್ತಿದ್ದೀರಿ ಎಂದು ಕಾಣುತ್ತದೆ. ಬೆಣ್ಣೆಯಲ್ಲಿ ನೂರಕ್ಕೆ 15ರಿಂದ 20 ಭಾಗ ನೀರು, ಜೊತೆಗೆ ಹಾಲಿನ ಅಂಶ. ಕಾದ ಕಾವಲಿಗೆ ಬಿದ್ದ ಕೂಡಲೇ ನೀರು ಚಟಪಟ ಹಾರಿ ಹಾಲಿನ ಅಂಶ ಕಪ್ಪಾಗಿ ಹತ್ತುತ್ತದೆ, ದೋಸೆ ಅದಕ್ಕೆ ಅಂಟಿಕೊಳ್ಳುತ್ತದೆ. ಕಾವಲಿಗೆ ನೀರು ಚಿಮುಕಿಸಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಒರೆಸಿ. ಬೆಣ್ಣೆ ಬರುವುದು ದೋಸೆಯ ಮೇಲ್ಭಾಗ ಹಸಿ ಆರಿದ ಮೇಲೆ.

ಹಿಟ್ಟಿಗೆ 3 ಲೋಟ ದೋಸೆ ಅಕ್ಕಿ, ಮುಕ್ಕಾಲು ಲೋಟ ಉದ್ದಿನಬೇಳೆ, 1 ಚಮಚ ಮೆಂತ್ಯ. ಅಕ್ಕಿ ಬೇರೆ, ಉದ್ದು ಮೆಂತ್ಯ ಬೇರೆ 5 ಗಂಟೆ ನೆನೆಯಲಿ. ಉದ್ದನ್ನು ನೊರೆ ಬರುವಂತೆ ರುಬ್ಬಿ ತೆಗೆದು, ಅಕ್ಕಿಯ ಜೊತೆ 2 ಲೋಟ ಮಂಡಕ್ಕಿಯನ್ನು ತೋಯಿಸಿ ಹಾಕಿ ನುಣ್ಣಗೆ ರುಬ್ಬಿ. ಈ ದೋಸೆಯ ಮೃದುತನ ಮಂಡಕ್ಕಿಯಿಂದ ಬರುತ್ತದೆ. ಈಗಿನ ಸೆಕೆಗೆ 7ರಿಂದ 8 ಗಂಟೆಯಲ್ಲಿ ಹಿಟ್ಟು ಹುದುಗುತ್ತದೆ. ರಾತ್ರಿ 8ಕ್ಕೆ ರುಬ್ಬಿ ಬೆಳಿಗ್ಗೆ 9ರವರೆಗೆ ಹೊರಗಿಟ್ಟರೆ ಹುಳಿಯೊಡೆಯುತ್ತದೆ, ಆದ್ದರಿಂದ ಮಲಗುವ ಮುನ್ನ ರುಬ್ಬಿ. ಹುಯ್ಯುವ ಮುಂಚೆ ಉಪ್ಪು, 2 ಚಮಚ ಸಕ್ಕರೆ, ಒಂದು ಚಿಟಿಕೆ ಸೋಡಾ ಬೆರೆಸಿ. ಸಕ್ಕರೆ ಹಾಕುವುದು ಬಣ್ಣಕ್ಕಾಗಿ. ಸಿಹಿ ಗೊತ್ತಾಗುವಷ್ಟು ಬೇಡ.

ಹಿಟ್ಟು ಇಡ್ಲಿ ಹಿಟ್ಟಿಗಿಂತ ಒಂದು ಸೌಟು ನೀರು ಹೆಚ್ಚು, ಅಷ್ಟೇ. ಕಾವಲಿ ಮೇಲೆ ಅಗಲಕ್ಕೆ ಎಳೆಯದೆ, ಒಂದು ಗೇಣಿಗಿಂತ ಕಡಿಮೆ ಹರಡಿ ದಪ್ಪ ಬಿಡಿ. ಮಧ್ಯಮ ಉರಿ ಇರಲಿ. ಮೇಲೆಲ್ಲ ತೂತು ಬಿದ್ದು ಹಸಿ ಬಣ್ಣ ಹೋದಾಗ ನೆಲ್ಲಿಕಾಯಿ ಗಾತ್ರದ ಬೆಣ್ಣೆಯನ್ನು ನಡುವೆ ಇಟ್ಟು ಅಂಚಿನವರೆಗೆ ಸವರಿ, ತಳ ಕೆಂಪಗಾದ ಮೇಲೆ ಮಗುಚಿ ಒಂದು ನಿಮಿಷ ಬೇಯಿಸಿ. ಇಳಿಸಿದ ಮೇಲೆ ಇನ್ನೊಂದು ಚೂರು. ಉಪ್ಪಿಲ್ಲದ ಬಿಳಿ ಬೆಣ್ಣೆಯೇ ಆಗಬೇಕು. ಪೊಟ್ಟಣದ ಹಳದಿ ಬೆಣ್ಣೆಯ ಉಪ್ಪು ದೋಸೆಯ ರುಚಿ ಕೆಡಿಸುತ್ತದೆ. ಪಲ್ಯಕ್ಕೆ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ ಸಾಕು, ಅರಿಶಿನ ಬೇಡ. ಚಟ್ನಿ ತೆಳ್ಳಗಿರಲಿ.

ನಾವು ದಾವಣಗೆರೆಯಲ್ಲಿ ರೂಮ್ ಮಾಡಿಕೊಂಡು ಓದುತ್ತಿರುವ ಹಿರಿಯೂರು ಕಡೆಯ ಹುಡುಗರು. ಮುದ್ದೆ ಮಾಡಿದರೆ ಒಳಗೆಲ್ಲ ಹಸಿಹಿಟ್ಟಿನ ಗಂಟು. ಮುದ್ದೆ ಕೋಲೂ ಇಲ್ಲ.

ತಮ್ಮಂದಿರೇ, ಮನೆಯ ಊಟ ಬಿಡದೆ ಮುದ್ದೆಗೆ ಕೈಹಾಕಿದ್ದೀರಲ್ಲ, ಸಂತೋಷ. ಕೋಲು ಇಲ್ಲದಿದ್ದರೆ ಚಪಾತಿ ಲಟ್ಟಣಿಗೆಯೇ ಆಗುತ್ತದೆ, ಚೆನ್ನಾಗಿ ತೊಳೆದುಕೊಳ್ಳಿ. ಪಾತ್ರೆ ಮಾತ್ರ ದಪ್ಪ ತಳದ್ದು ಬೇಕು.

2 ಲೋಟ ಹಿಟ್ಟಿಗೆ 4 ಲೋಟ ನೀರು. ತಣ್ಣೀರಿನಲ್ಲೇ 1 ದೊಡ್ಡ ಚಮಚ ಹಿಟ್ಟು ಕದಡಿ, ಉಪ್ಪು ಹಾಕಿ ಕುದಿಸಿ. ಈ ತೆಳು ಗಂಜಿ ಮೇಲೆ ಹಾಕುವ ಹಿಟ್ಟನ್ನು ಗಂಟಾಗಲು ಬಿಡುವುದಿಲ್ಲ. ಎಸರು ಉಕ್ಕುವಾಗ ಅರ್ಧ ಲೋಟ ಬಿಸಿನೀರು ಬೇರೆ ತೆಗೆದಿಟ್ಟುಕೊಳ್ಳಿ. ಆಮೇಲೆ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಕೈ ಕಟ್ಟಿ ಕೂರಿ. ಗಂಟಾಗುವುದು ಇಲ್ಲಿಯೇ: ಹಿಟ್ಟು ಹಾಕಿದ ಕೂಡಲೇ ತಿರುವಿದರೆ ಪ್ರತಿ ಉಂಡೆಯ ಹೊರಪದರ ಬೆಂದು ಒಳಗಿನ ಹಿಟ್ಟು ಹಸಿಯಾಗಿಯೇ ಸಿಕ್ಕಿಕೊಳ್ಳುತ್ತದೆ. ನಡುವೆ ಕೋಲಿನಿಂದ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ 6 ನಿಮಿಷ ಗುಡ್ಡೆಯ ಸುತ್ತ ಎಸರು ಕುದಿಯಲಿ.

ಈಗ ಪಾತ್ರೆಯನ್ನು ಕೆಳಗಿಳಿಸಿ, ಒಬ್ಬರು ಇಕ್ಕಳದಿಂದ ಭದ್ರವಾಗಿ ಹಿಡಿಯಿರಿ, ಇನ್ನೊಬ್ಬರು ಕೋಲನ್ನು ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಿ. ಗಟ್ಟಿ ಎನಿಸಿದರೆ ತೆಗೆದಿಟ್ಟ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಗಂಟು ಹೋದ ಮೇಲೆ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ಮತ್ತೆ 3 ನಿಮಿಷ ಸಣ್ಣ ಉರಿಗೆ ಇಡಿ. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟಬಾರದು. ಅಂಟಿದರೆ ಇನ್ನೂ ಬೆಂದಿಲ್ಲ, ಹೊಟ್ಟೆ ನೋವು ಖಂಡಿತ. ಜೊತೆಗೆ ಹುರುಳಿಕಾಳು ಬಸ್ಸಾರು ಮಾಡಿಕೊಂಡರೆ ಎರಡು ಹೊತ್ತಿಗೂ ಆಗುತ್ತದೆ.

ಶೇಂಗಾ ಚಟ್ನಿಪುಡಿ ಮಿಕ್ಸಿಯಲ್ಲಿ ಉಂಡೆ ಕಟ್ಟುತ್ತದೆ, ಹದಿನೈದು ದಿನಕ್ಕೆ ಕಮಟು ವಾಸನೆ. ಕಾಳು ನಮ್ಮ ಹೊಲದ್ದೇ.
— ಚಳ್ಳಕೆರೆ

ಎಣ್ಣೆ ಗಾಣ, ಮಿಲ್ಲುಗಳ ಊರಿನವರಿಗೆ ಶೇಂಗಾದಲ್ಲಿ ಎಷ್ಟು ಎಣ್ಣೆಯಿದೆ ಎಂದು ಹೇಳಬೇಕಿಲ್ಲ. ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಅದೇ. ಮಿಕ್ಸಿಯನ್ನು ಒಂದೇ ಸಮ ಓಡಿಸಿದರೆ ಬಿಸಿಗೆ ಎಣ್ಣೆ ಬಿಟ್ಟು ಉಂಡೆ ಕಟ್ಟುತ್ತದೆ. ಹುರಿದ ಕಾಳು ಪೂರಾ ತಣ್ಣಗಾಗಲಿ, ಮಿಕ್ಸಿಯನ್ನು ಎರಡೆರಡು ಸೆಕೆಂಡ್ ಬಿಟ್ಟು ಬಿಟ್ಟು ತಿರುಗಿಸಿ, ನಡುವೆ ಚಮಚದಿಂದ ಕೆದಕಿ. ಒರಳಲ್ಲಿ ಕುಟ್ಟಿದರೆ ಇನ್ನೂ ಒಳ್ಳೆಯದು.

ಕಾಲು ಕಿಲೋ ಶೇಂಗಾಕ್ಕೆ 3 ಚಮಚ ಕೆಂಪು ಖಾರದ ಪುಡಿ, ಒಂದೂವರೆ ಚಮಚ ಉಪ್ಪು, 1 ಚಮಚ ಜೀರಿಗೆ, 10 ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಬೆಲ್ಲ. ಕಾಳನ್ನು ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಹುರಿಯಬೇಕು. ದೊಡ್ಡ ಉರಿಯಲ್ಲಿ ಸಿಪ್ಪೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ, ಆ ಹಸಿತನವೇ ಪುಡಿ ಕೆಡಿಸುತ್ತದೆ. ಬೆಳ್ಳುಳ್ಳಿಯ ತೇವವೂ ಅಷ್ಟೇ. ಜಜ್ಜಿ ಬಿಸಿ ಬಾಣಲೆಯಲ್ಲಿ ಎರಡು ನಿಮಿಷ ಒಣಗಿಸಿ ಹಾಕಿ. ಬೇಸಿಗೆಯಲ್ಲಿ ಹತ್ತು ದಿನಕ್ಕಾಗುವಷ್ಟು ಮಾಡಿ ಗಾಜಿನ ಡಬ್ಬದಲ್ಲಿ ಇಡಿ, ಬಿಸಿಲು ಬೀಳುವ ಕಿಟಕಿಯಿಂದ ದೂರ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇವೆ. ಮನೆ ಹೊಲದ ಕಾಳೆಂದು ಮುದುಡಿದ, ಕಪ್ಪಾದ, ಹಸಿರು ಬೂಷ್ಟು ಹಿಡಿದ ಕಾಳನ್ನು ಹುರಿದರೆ ಸರಿಹೋಗುತ್ತದೆ ಎಂದು ಚಟ್ನಿಗೆ ಹಾಕಬೇಡಿ. ಆ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು, ಯಕೃತ್ತಿಗೆ ಅಪಾಯ. ಒಲೆಯ ಬಿಸಿಗೆ ಅದು ಪೂರ್ತಿ ಹೋಗುವುದಿಲ್ಲ. ಆರಿಸಿ ಎಸೆಯಿರಿ, ದನಕ್ಕೂ ಹಾಕಬೇಡಿ.

ಪುಂಡಿ ಪಲ್ಯ ಬಾಯಿಗಿಡಲಾರದಷ್ಟು ಹುಳಿಯಾಯಿತು. ಏನು ಹಾಕಿದರೆ ಕಡಿಮೆಯಾಗುತ್ತದೆ?
— ಜಗಳೂರು

ಬಲಿತ ಸೊಪ್ಪಿಗೆ ಹುಳಿ ಜಾಸ್ತಿ. 2 ಕಟ್ಟು ಪುಂಡಿಸೊಪ್ಪನ್ನು ಒಂದು ಕುದಿ ಬೇಯಿಸಿ ಆ ನೀರು ಬಸಿದುಬಿಡಿ. ಕಾಲು ಲೋಟ ತೊಗರಿಬೇಳೆ, 3 ದೊಡ್ಡ ಚಮಚ ಜೋಳದ ನುಚ್ಚನ್ನು ಬೇರೆಯಾಗಿ ಮೊದಲೇ ಬೇಯಿಸಿಕೊಳ್ಳಿ, ಸೊಪ್ಪಿನ ಜೊತೆ ಹಾಕಿದರೆ ಹುಳಿಗೆ ಎರಡೂ ಬೇಯುವುದಿಲ್ಲ. ಮೂರನ್ನೂ ಕೂಡಿಸಿ, 5 ಹಸಿಮೆಣಸಿನಕಾಯಿ, ಉಪ್ಪು ಅರೆದು ಹಾಕಿ, 10 ನಿಮಿಷ ಕುದಿಸಿ ಮಸೆಯಿರಿ. ಬೆಳ್ಳುಳ್ಳಿ ಒಗ್ಗರಣೆ ಧಾರಾಳವಾಗಿರಲಿ. ಆಗಲೇ ಹುಳಿಯಾಗಿದ್ದರೆ ನುಚ್ಚು ಇನ್ನೊಂದಿಷ್ಟು ಬೇಯಿಸಿ ಸೇರಿಸಿ. ಬೆಲ್ಲ ಹಾಕಿದರೆ ಹುಳಿ ಹೋಗುವುದಿಲ್ಲ, ರುಚಿ ಗೊಂದಲವಾಗುತ್ತದೆ. ಅಲ್ಯೂಮಿನಿಯಂ ಪಾತ್ರೆ, ಕಲಾಯಿ ಹೋದ ಹಿತ್ತಾಳೆ ಪಾತ್ರೆ ಎರಡೂ ಬೇಡ, ಹುಳಿಗೆ ಲೋಹ ಬಿಡುತ್ತದೆ.

ಬೆಳಿಗ್ಗೆ ಹೆಪ್ಪು ಹಾಕಿದ ಮೊಸರು ಸಂಜೆಗೆ ಹುಳಿ. ಆ ಮಜ್ಜಿಗೆಯಲ್ಲಿ ಸಾರು ಮಾಡಿದರೆ ಒಡೆದು ನೀರು ಬೇರೆ ಗಸಿ ಬೇರೆ.
— ಹೊಸದುರ್ಗ

ಬೇಸಿಗೆಯಲ್ಲಿ ಅರ್ಧ ಲೀಟರ್ ಹಾಲಿಗೆ ಅರ್ಧ ಚಮಚ ಹೆಪ್ಪು ಸಾಕು, ಹಾಲು ಉಗುರುಬೆಚ್ಚಗಿಂತಲೂ ಕಡಿಮೆ ಇರಲಿ. 4ರಿಂದ 5 ಗಂಟೆಗೆ ಹೆಪ್ಪುಗಟ್ಟುತ್ತದೆ. ಗಟ್ಟಿಯಾದ ಕೂಡಲೇ ಫ್ರಿಜ್‌ಗೆ, ಇಲ್ಲದಿದ್ದರೆ ತಣ್ಣೀರು ತುಂಬಿದ ಅಗಲ ಪಾತ್ರೆಯೊಳಗೆ ಇಟ್ಟು ಒದ್ದೆ ಬಟ್ಟೆ ಹೊದಿಸಿ. 

ಹುಳಿ ಹೆಚ್ಚಿದಷ್ಟೂ ಮಜ್ಜಿಗೆ ಬಿಸಿಗೆ ಬೇಗ ಒಡೆಯುತ್ತದೆ. 3 ಲೋಟ ಮಜ್ಜಿಗೆಗೆ 1 ದೊಡ್ಡ ಚಮಚ ಕಡಲೆಹಿಟ್ಟನ್ನು ತಣ್ಣಗಿರುವಾಗಲೇ ಕಡಗೋಲಿನಿಂದ ಕಡೆದು ಬೆರೆಸಿ. ಅರೆದ ಹಸಿಮೆಣಸಿನಕಾಯಿ, ಜೀರಿಗೆ, ಶುಂಠಿ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಅಂಚಿನಲ್ಲಿ ಗುಳ್ಳೆ ಎದ್ದು ಮಧ್ಯ ಉಬ್ಬಿ ಬರುವಾಗ ಇಳಿಸಿ, ಉಪ್ಪು ಆಮೇಲೆ. ಕಡಲೆಹಿಟ್ಟಿನ ಹಸಿ ವಾಸನೆ ಉಳಿಯುತ್ತದೆ ಎನ್ನುವವರು ಹಿಟ್ಟನ್ನು ಮೊದಲೇ ಒಣದಾಗಿ ಹುರಿದು ಆರಿಸಿಕೊಳ್ಳಿ. ತೀರಾ ಹುಳಿಯಾದದ್ದನ್ನು ಬಿಸಿಲಿರುವಾಗಲೇ ಮಜ್ಜಿಗೆ ಮೆಣಸಿನಕಾಯಿಗೆ ಬಳಸಿಬಿಡಿ.

ಹೋದ ವರ್ಷದ ಮಾವಿನ ಉಪ್ಪಿನಕಾಯಿಗೆ ಮೂರು ತಿಂಗಳಲ್ಲೇ ಬೂಷ್ಟು ಬಂತು. ಮೇಲಿನದ್ದು ತೆಗೆದು ಉಳಿದದ್ದು ತಿನ್ನಬಹುದೇ? ಈ ಸಲ ಕೆಡದಂತೆ ಅಳತೆ ತಿಳಿಸಿ.
— ಚನ್ನಗಿರಿ

ತಿನ್ನಬೇಡಿ. ಮೇಲೆ ಕಾಣುವುದು ಬೂಷ್ಟಿನ ಒಂದು ಪಾಲು ಮಾತ್ರ, ಬೇರು ಕೆಳಗೆ ಇಳಿದಿರುತ್ತದೆ. ಇಡೀ ಭರಣಿ ಖಾಲಿ ಮಾಡಿ, ಕುದಿನೀರಿನಲ್ಲಿ ತೊಳೆದು, ಎರಡು ದಿನ ಬಿಸಿಲಿಗಿಟ್ಟು ಒಣಗಿಸಿ.

ಬೂಷ್ಟಿಗೆ ಕಾರಣ ತೇವ, ಉಪ್ಪಿನ ಕೊರತೆ, ಎಣ್ಣೆ ಮೇಲೆ ನಿಲ್ಲದಿರುವುದು. ಉಪ್ಪು ಕಡಿಮೆ ತಿನ್ನಬೇಕೆಂದು ಉಪ್ಪಿನಕಾಯಿಯಲ್ಲೇ ಉಪ್ಪು ಕಡಿತ ಮಾಡುವವರು ಈಚೆಗೆ ಹೆಚ್ಚಾಗಿದ್ದಾರೆ. ವರ್ಷ ಬಾಳಬೇಕಾದರೆ ಅದು ಆಗುವುದಿಲ್ಲ, ತಟ್ಟೆಗೆ ಬಡಿಸಿಕೊಳ್ಳುವುದನ್ನು ಕಡಿಮೆ ಮಾಡಿ. 1 ಕಿಲೋ ಹೋಳಿಗೆ 200 ಗ್ರಾಂ ಕಲ್ಲುಪ್ಪು, 100 ಗ್ರಾಂ ಖಾರದ ಪುಡಿ, 60 ಗ್ರಾಂ ಸಾಸಿವೆ, 15 ಗ್ರಾಂ ಮೆಂತ್ಯ, 10 ಗ್ರಾಂ ಅರಿಶಿನ, 300 ಮಿಲಿಲೀಟರ್ ಶೇಂಗಾ ಎಣ್ಣೆ.

ಓಟೆ ಗಟ್ಟಿಯಾಗಿರುವ, ಗಿಡದಿಂದ ಕಿತ್ತ ಹುಳಿ ಮಾವು ಆರಿಸಿ. ಕೆಳಗೆ ಬಿದ್ದು ಪೆಟ್ಟಾದದ್ದು ಮೆತ್ತಗಾಗುತ್ತದೆ. ಇಡಿ ಕಾಯನ್ನು ತೊಳೆದು, ಒಂದೊಂದನ್ನೂ ಒರೆಸಿ, ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ನೀರು ಸೋಕಬಾರದು. ಹೋಳುಗಳನ್ನು ಬಟ್ಟೆ ಮೇಲೆ 3 ಗಂಟೆ ಆರಲು ಬಿಡಿ. ಕಲ್ಲುಪ್ಪನ್ನು ಬಾಣಲೆಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಹುರಿದು ಪುಡಿ ಮಾಡಿ. ಆ ಸದ್ದು ಒಳಗಿನ ತೇವದ್ದು. ಉಪ್ಪು, ಅರಿಶಿನ ಬೆರೆಸಿದ ಹೋಳು 3 ದಿನ ಭರಣಿಯಲ್ಲಿರಲಿ, ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ಕಲಕಿ. ನಾಲ್ಕನೇ ದಿನ ಬಿಟ್ಟ ರಸದ ಸಮೇತ ಮಸಾಲೆ ಬೆರೆಸಿ. ಮೆಂತ್ಯವನ್ನು ಕೆಂಪಗೆ ಹುರಿದಿರಬೇಕು, ಸಾಸಿವೆಯನ್ನು ಬರೀ ಬೆಚ್ಚಗೆ ಮಾಡಿದರೆ ಸಾಕು, ಹೆಚ್ಚು ಹುರಿದರೆ ಅದರ ಘಾಟು ಹೋಗುತ್ತದೆ.

ಎಣ್ಣೆಯನ್ನು ಹೊಗೆ ಏಳುವವರೆಗೆ ಕಾಯಿಸಿ ಪೂರಾ ತಣ್ಣಗಾದ ಮೇಲೆ ಸುರಿಯಿರಿ. ಮರುದಿನ ನೋಡಿದಾಗ ಹೋಳಿನ ಮೇಲೆ ಒಂದು ಬೆರಳು ಎಣ್ಣೆ ನಿಂತಿರಬೇಕು. ಇಂಗಿ ಹೋಗಿದ್ದರೆ ಇನ್ನಷ್ಟು ಕಾಯಿಸಿ ಆರಿಸಿ ಹಾಕಿ. ಊಟಕ್ಕೆಂದು ಒಂದು ಸಣ್ಣ ಬಾಟಲಿಗೆ ವಾರಕ್ಕಾಗುವಷ್ಟು ತೆಗೆದುಕೊಂಡು ದೊಡ್ಡ ಭರಣಿಯ ಬಾಯಿಗೆ ಬಟ್ಟೆ ಕಟ್ಟಿಡಿ. ತೆಗೆಯುವ ಪ್ರತಿ ಸಲವೂ ಉಳಿದ ಹೋಳು ಎಣ್ಣೆಯೊಳಗೆ ಮುಳುಗಿದೆಯೇ ಎಂದು ನೋಡಿ, ಮೇಲೆ ಬಂದದ್ದನ್ನು ಒಣ ಸೌಟಿನಿಂದ ಕೆಳಗೆ ಅದುಮಿ.